ಲ್ಯಾಪ್‌ಟಾಪ್‌ಗೆ ಡ್ರೈವ್ ಕಾಣ್ತಿಲ್ಲವೇ? ಮೊದಲು ಡೇಟಾ, ಆಮೇಲೆ ರಿಪೇರಿ

ಲ್ಯಾಪ್‌ಟಾಪ್ ಆನ್ ಮಾಡುತ್ತೀರಿ. ಕಂಪನಿಯ ಲೋಗೋ ಬಂದು ಹೋಗುತ್ತದೆ. ಆಮೇಲೆ ಕಪ್ಪು ಪರದೆ, ಅದರ ಮೇಲೆ ಒಂದೇ ಸಾಲು: ‘ನೋ ಬೂಟ್ ಡಿವೈಸ್ ಫೌಂಡ್’. ಎಂದರೆ, ವಿಂಡೋಸ್ ಮತ್ತು ನಿಮ್ಮ ಫೈಲ್‌ಗಳೆಲ್ಲ ಇರುವ ಡ್ರೈವ್ ಲ್ಯಾಪ್‌ಟಾಪ್‌ಗೆ ಸಿಗುತ್ತಿಲ್ಲ. ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಒಳಗಿದ್ದ ಫೋಟೋ, ಪ್ರಾಜೆಕ್ಟ್, ಲೆಕ್ಕಪತ್ರ ಎಲ್ಲ ಒಮ್ಮೆಲೇ ನೆನಪಾಗುತ್ತವೆ.

ಈ ಸಮಸ್ಯೆ ಬಂದವರು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ. ಲ್ಯಾಪ್‌ಟಾಪ್ ಸರಿ ಹೋಗುತ್ತಾ? ಡೇಟಾ ಸಿಗುತ್ತಾ? ಇವು ಎರಡು ಬೇರೆ ಬೇರೆ ಕೆಲಸ. ಎಷ್ಟೋ ಸಲ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ವಿಂಡೋಸ್ ಮತ್ತೆ ಹಾಕಿದರೆ ಲ್ಯಾಪ್‌ಟಾಪ್ ಎದ್ದು ಕೂರಬಹುದು, ಡೇಟಾ ಮಾತ್ರ ಹೋಗೇಬಿಡುತ್ತದೆ. ಹಾಗಾಗಿ ಈಗಲೇ ತೀರ್ಮಾನ ಮಾಡಿ: ಒಳಗಿರುವ ಡೇಟಾ ಬೇಕೋ, ಬೇಡವೋ? ಬೇಕು ಎಂದಾದರೆ ಅದನ್ನು ಹೊರಗೆ ತೆಗೆಯುವವರೆಗೂ ರಿಪೇರಿಯ ಮಾತೇ ಬೇಡ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಇನ್ನೊಂದು ಸಮಾಧಾನದ ಮಾತು. ಡ್ರೈವ್ ಕಾಣದಿರುವುದು ಬೇರೆ, ಡೇಟಾ ಅಳಿಸಿ ಹೋಗುವುದು ಬೇರೆ. ಸಡಿಲವಾದ ಕೇಬಲ್, ಬದಲಾದ ಒಂದು ಸೆಟ್ಟಿಂಗ್, ಕೆಟ್ಟ ಪಾರ್ಟಿಷನ್ ಪಟ್ಟಿ, ಇವುಗಳಲ್ಲಿ ಯಾವುದೇ ಕಾರಣವಾಗಿದ್ದರೂ ಡೇಟಾ ಇದ್ದ ಜಾಗದಲ್ಲೇ ಇರುತ್ತದೆ. ಅದನ್ನು ಹಾಳು ಮಾಡುವುದು ಹೆಚ್ಚಾಗಿ ಗಾಬರಿಯಲ್ಲಿ ನಾವು ಒತ್ತುವ ಬಟನ್ನು.

ಈ ಬಟನ್‌ಗಳನ್ನು ಒತ್ತಬೇಡಿ

‘ಯು ನೀಡ್ ಟು ಫಾರ್ಮ್ಯಾಟ್ ದ ಡಿಸ್ಕ್’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ‘ಇನಿಶಿಯಲೈಸ್ ಡಿಸ್ಕ್’ ಎಂದು ಕೇಳಿದರೂ ಕ್ಯಾನ್ಸಲ್ಲೇ. ಇನಿಶಿಯಲೈಸ್ ಎಂದರೆ ಡ್ರೈವ್‌ನ ಶುರುವಿನಲ್ಲಿ ಹೊಸ ಪಾರ್ಟಿಷನ್ ಪಟ್ಟಿ ಬರೆಯುವುದು. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಹಳೆಯ ಪಟ್ಟಿ ಅಲ್ಲಿಗೆ ಮುಗಿಯಿತು. ವಿಂಡೋಸ್ ಇನ್‌ಸ್ಟಾಲ್ ಮಾಡುವುದು, ‘ರೀಸೆಟ್ ದಿಸ್ ಪಿಸಿ’ ಒತ್ತುವುದು ಎರಡೂ ಬೇಡ.

ಚೆಕ್‌ಡಿಸ್ಕ್ ಬಗ್ಗೆ ಬಹಳ ಜನಕ್ಕೆ ತಪ್ಪು ನಂಬಿಕೆ ಇದೆ. ಅದು ಡೇಟಾ ಉಳಿಸುವ ಸಾಧನ ಅಲ್ಲ. ಫೈಲ್ ವ್ಯವಸ್ಥೆಯನ್ನು ಸರಿಮಾಡುವ ಸಾಧನ. ಸರಿ ಹೊಂದದ ಫೈಲ್‌ಗಳನ್ನು ಅದು ಕತ್ತರಿಸಿ ಪಕ್ಕಕ್ಕೆ ಹಾಕಬಹುದು. ಸಾಯುತ್ತಿರುವ ಡ್ರೈವ್ ಮೇಲೆ ಗಂಟೆಗಟ್ಟಲೆ ಓಡಿಸಿದರೆ ಉಳಿದ ಜೀವವನ್ನೂ ಹಿಂಡುತ್ತದೆ.

ಹಾರ್ಡ್ ಡಿಸ್ಕನ್ನು ಫ್ರೀಜರ್‌ನಲ್ಲಿಡುವ ಹಳೆಯ ಉಪಾಯವನ್ನೂ ಮರೆತುಬಿಡಿ. ಹೊರಗೆ ತೆಗೆದಾಗ ಒಳಗೆಲ್ಲ ನೀರಿನ ಪಸೆ ಕೂರುತ್ತದೆ.

ಏನೇನು ಬೇಕು

ಸರಿಯಾಗಿ ಓಡುವ ಇನ್ನೊಂದು ಕಂಪ್ಯೂಟರ್. ಕನಿಷ್ಠ 8 ಜಿಬಿಯ ಒಂದು ಪೆನ್‌ಡ್ರೈವ್, ಅದರಲ್ಲಿರುವುದೆಲ್ಲ ಅಳಿಸಿ ಹೋದರೂ ಚಿಂತೆಯಿಲ್ಲ ಎನ್ನುವಂಥದ್ದು. ಕೆಟ್ಟ ಡ್ರೈವ್‌ಗಿಂತ ದೊಡ್ಡದಾದ ಖಾಲಿ ಎಕ್ಸ್‌ಟರ್ನಲ್ ಡ್ರೈವ್. ಚಿಕ್ಕ ಫಿಲಿಪ್ಸ್ ಸ್ಕ್ರೂಡ್ರೈವರ್. ಡ್ರೈವನ್ನು ಹೊರಗೆ ತೆಗೆದು ಯುಎಸ್‌ಬಿ ಮೂಲಕ ಜೋಡಿಸಲು ಒಂದು ಎನ್‌ಕ್ಲೋಜರ್ ಬೇಕಾಗಬಹುದು. ಅದನ್ನು ಈಗಲೇ ಕೊಳ್ಳಬೇಡಿ, ಯಾವ ಬಗೆಯ ಡ್ರೈವ್ ಎಂದು ನೋಡಿದ ಮೇಲೆ ಕೊಳ್ಳಿ.

ಇನ್ನೊಂದಿದೆ: ಬಿಟ್‌ಲಾಕರ್ ಕೀ. ಬಿಟ್‌ಲಾಕರ್ ಎಂದರೆ ಡ್ರೈವ್‌ನಲ್ಲಿರುವ ಎಲ್ಲವನ್ನೂ ಬೀಗ ಹಾಕಿದಂತೆ ಎನ್‌ಕ್ರಿಪ್ಟ್ ಮಾಡಿಡುವ ವಿಂಡೋಸ್‌ನ ವ್ಯವಸ್ಥೆ. ನಾನು ಹಾಕೇ ಇಲ್ಲ ಎಂದು ನೀವು ಹೇಳಬಹುದು. ಆದರೆ ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಅದು ತಾನಾಗೇ ಆನ್ ಆಗಿರುತ್ತದೆ. ಬೇರೆ ಕಂಪ್ಯೂಟರ್‌ನಿಂದಲೋ ಫೋನ್‌ನಿಂದಲೋ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸ್‌ಗಳ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್ ಹುಡುಕಿ. ಅಲ್ಲಿ 48 ಅಂಕಿಯ ರಿಕವರಿ ಕೀ ಇದ್ದರೆ ಈಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೀ ಆಫೀಸಿನ ಐಟಿ ವಿಭಾಗದ ಹತ್ತಿರ ಇರುತ್ತದೆ. ಬಯೋಸ್‌ನಲ್ಲಿ (ಏನದು ಎಂದು ಹಂತ 3ರಲ್ಲಿದೆ) ಏನಾದರೂ ಬದಲಾಯಿಸಿದರೆ, ಮುಂದಿನ ಸಲ ಲ್ಯಾಪ್‌ಟಾಪ್ ಈ ಕೀ ಕೇಳಬಹುದು. ಡ್ರೈವನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದರಂತೂ ಕೇಳೇ ಕೇಳುತ್ತದೆ. ಬಿಟ್‌ಲಾಕರ್ ಇದ್ದು ಕೀ ಇಲ್ಲವಾದರೆ ಯಾವ ಸಾಫ್ಟ್‌ವೇರೂ, ಯಾವ ಲ್ಯಾಬೂ ಏನೂ ಮಾಡಲಾಗದು.

ಹಂತ 1: ಕಿವಿಗೊಟ್ಟು ಕೇಳಿ

ಲ್ಯಾಪ್‌ಟಾಪ್‌ಗಳಲ್ಲಿ ಎರಡು ಬಗೆಯ ಡ್ರೈವ್ ಇರುತ್ತವೆ. ಒಂದು ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆಗಳು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ಹೆಡ್ ಎಂಬ ಪುಟ್ಟ ಭಾಗ ತೇಲುತ್ತಾ ಓದುತ್ತದೆ. ಇನ್ನೊಂದು ಎಸ್‌ಎಸ್‌ಡಿ. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ, ಬರೀ ಚಿಪ್‌ಗಳು.

ಹಾರ್ಡ್ ಡಿಸ್ಕ್ ಇದ್ದರೆ ಲ್ಯಾಪ್‌ಟಾಪ್ ಆನ್ ಮಾಡಿ, ಡ್ರೈವ್ ಇರುವ ಜಾಗಕ್ಕೆ ಕಿವಿ ಹತ್ತಿರ ತನ್ನಿ. ಮೆತ್ತಗೆ ತಿರುಗುವ ಸದ್ದು ಬಂದರೆ ಒಳ್ಳೆಯದು. ‘ಟಕ್... ಟಕ್... ಟಕ್’ ಎಂದು ಗಡಿಯಾರದ ಹಾಗೆ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ, ಅಥವಾ ಲೋಹ ಕೆರೆದಂತೆ ಕೇಳಿಸಿದರೆ, ತಕ್ಷಣ ಆಫ್ ಮಾಡಿ. ಹೆಡ್ ತನ್ನ ಜಾಗ ಸಿಗದೆ ಒದ್ದಾಡುತ್ತಿದೆ ಎಂದರ್ಥ. ಅದು ತಟ್ಟೆಗೆ ತಾಗಿದರೆ ಆ ಜಾಗದ ಡೇಟಾ ಪುಡಿಯಾಗಿ ಹೋಗುತ್ತದೆ, ಯಾರಿಂದಲೂ ತೆಗೆಯಲಾಗದು. ಇನ್ನೊಂದು ಸಲ ನೋಡೋಣ ಎಂದು ಮತ್ತೆ ಆನ್ ಮಾಡಬೇಡಿ. ಲ್ಯಾಪ್‌ಟಾಪ್ ಕೆಳಗೆ ಬಿದ್ದಿದ್ದರೆ, ನೀರು ಹೋಗಿದ್ದರೆ ಕೂಡ ಹಾಗೆಯೇ. ನೀವು ನೇರವಾಗಿ ಹಂತ 8ಕ್ಕೆ ಹೋಗಿ.

ಇಂಥ ಕೆಟ್ಟ ಸದ್ದು ಇಲ್ಲದಿದ್ದರೆ ಮುಂದಕ್ಕೆ ಓದಿ.

ಹಂತ 2: ಪೂರ್ತಿ ಪವರ್ ತೆಗೆಯಿರಿ

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಡಾಕ್ ಏನಿದ್ದರೂ ಕಿತ್ತುಬಿಡಿ. ಎಷ್ಟೋ ಸಲ ಲ್ಯಾಪ್‌ಟಾಪ್ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಹೋಗಿ ನಿಂತಿರುತ್ತದೆ, ಅಷ್ಟೆ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಕಳಚುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಮತ್ತೆ ಜೋಡಿಸಿ ಆನ್ ಮಾಡಿ. ಸಣ್ಣ ಕೆಲಸ, ಆದರೂ ಇದರಿಂದಲೇ ಸರಿಹೋದ ಲ್ಯಾಪ್‌ಟಾಪ್‌ಗಳಿವೆ. ಸರಿಹೋದರೆ ಅದೇ ಕ್ಷಣ ಕುಳಿತು ಬೇಕಾದ ಫೈಲ್‌ಗಳನ್ನು ಹೊರಗೆ ಕಾಪಿ ಮಾಡಿ. ನಾಳೆ ಮಾಡೋಣ ಅನ್ನಬೇಡಿ.

ಹಂತ 3: ಬಯೋಸ್‌ನಲ್ಲಿ ಹೆಸರು ಹುಡುಕಿ

ಬಯೋಸ್ ಎಂದರೆ ವಿಂಡೋಸ್‌ಗಿಂತ ಮೊದಲೇ ಎಚ್ಚರಾಗುವ, ಮದರ್‌ಬೋರ್ಡ್‌ನಲ್ಲೇ ಇರುವ ಪುಟ್ಟ ಪ್ರೋಗ್ರಾಂ. ಈಗಿನದನ್ನು ಯುಇಎಫ್‌ಐ ಎನ್ನುತ್ತಾರೆ, ಜನರ ಬಾಯಲ್ಲಿ ಇನ್ನೂ ಬಯೋಸೇ. ಪವರ್ ಒತ್ತಿದ ಕೂಡಲೇ ಈ ಕೀಗಳನ್ನು ಟಪಟಪನೆ ಒತ್ತುತ್ತಿರಿ: ಡೆಲ್, ಏಸರ್, ಏಸುಸ್ ಬಹುಪಾಲು ಎಫ್2, ಎಚ್‌ಪಿಯಲ್ಲಿ ಎಸ್ಕೇಪ್, ಆಮೇಲೆ ಎಫ್10, ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಅದೇ ಕಂಪನಿಯ ಐಡಿಯಾಪ್ಯಾಡ್‌ನಲ್ಲಿ ಎಫ್2. ಕೆಲವು ಕೀಬೋರ್ಡ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀ ಹಿಡಿಯಬೇಕಾಗುತ್ತದೆ.

ಒಳಗೆ ‘ಸ್ಟೋರೇಜ್’, ‘ಸಿಸ್ಟಮ್ ಇನ್ಫರ್ಮೇಶನ್’ ಅಥವಾ ‘ಮೇನ್’ ಎಂಬಲ್ಲಿ ಡ್ರೈವ್‌ನ ಹೆಸರು, ಅಳತೆ ಹುಡುಕಿ. ಏನೂ ಬದಲಾಯಿಸಬೇಡಿ. ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಮೊದಲು ಹೇಗಿತ್ತು ಎಂದು ಆಮೇಲೆ ನೋಡಲು ಬೇಕಾಗುತ್ತದೆ.

ಇಲ್ಲಿಂದ ದಾರಿ ಮೂರಾಗುತ್ತದೆ. ಹೆಸರು, ಅಳತೆ ಎರಡೂ ಸರಿ ಇದ್ದರೆ ಡ್ರೈವ್ ಬದುಕಿದೆ, ತೊಂದರೆ ಸೆಟ್ಟಿಂಗ್‌ನದ್ದೋ ವಿಂಡೋಸ್‌ನದ್ದೋ ಇರಬೇಕು. ಹಂತ 4 ಮಾಡಿ. ಹೆಸರೇ ಇಲ್ಲದಿದ್ದರೆ ಹಂತ 5. ಹೆಸರು ವಿಚಿತ್ರವಾಗಿದ್ದು ಅಳತೆ ಸೊನ್ನೆ ಅಥವಾ ಕೆಲವೇ ಎಂಬಿ ತೋರಿಸುತ್ತಿದ್ದರೆ ಎಸ್‌ಎಸ್‌ಡಿಯ ಒಳಗಿನ ಕಂಟ್ರೋಲರ್ ಕೈಕೊಟ್ಟಿದೆ. ಕಂಟ್ರೋಲರ್ ಎಂದರೆ ಯಾವ ಡೇಟಾ ಯಾವ ಚಿಪ್‌ನಲ್ಲಿದೆ ಎಂದು ಲೆಕ್ಕ ಇಡುವ ಮುಖ್ಯ ಚಿಪ್. ಫೈಸನ್ ಎಸ್11 ಕಂಟ್ರೋಲರ್ ಇರುವ ಎಸ್‌ಎಸ್‌ಡಿಗಳು ಹೀಗೆ ಕೆಟ್ಟಾಗ ತಮ್ಮ ನಿಜ ಹೆಸರಿನ ಬದಲು ‘ಸಾಟಾಫರ್ಮ್ ಎಸ್11’ ಎಂದು ತೋರಿಸುತ್ತವೆ. ಅಂಥದ್ದಕ್ಕೆ ಮನೆಯಲ್ಲಿ ಕೂತು ಡೇಟಾ ತೆಗೆಯುವ ದಾರಿ ಇಲ್ಲ. ಹಂತ 8 ಓದಿ.

512 ಜಿಬಿ ಡ್ರೈವ್ 476 ಜಿಬಿ ಎಂದು ಕಂಡರೆ ಗಾಬರಿ ಬೇಡ. ಕಂಪನಿ ಎಣಿಸುವ ರೀತಿ ಬೇರೆ, ವಿಂಡೋಸ್ ಎಣಿಸುವ ರೀತಿ ಬೇರೆ. ಅಳತೆ ಸರಿಯಾಗೇ ಇದೆ.

ಹಂತ 4: ಡ್ರೈವ್ ಇದೆ, ಆದರೂ ವಿಂಡೋಸ್ ಬರುತ್ತಿಲ್ಲ

ಮೊದಲು ಬಯೋಸ್‌ನಲ್ಲಿ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನ ತಾರೀಖು ಇದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಖಾಲಿಯಾಗಿ, ಸೆಟ್ಟಿಂಗ್‌ಗಳೆಲ್ಲ ಫ್ಯಾಕ್ಟರಿ ಸ್ಥಿತಿಗೆ ಹೋಗಿರಬಹುದು. ಡ್ರೈವ್ ಕೆಟ್ಟಿದೆ ಎಂದುಕೊಂಡ ಎಷ್ಟೋ ಕಡೆ ತಪ್ಪು ಆ ಬ್ಯಾಟರಿಯದ್ದಾಗಿರುತ್ತದೆ.

ಆಮೇಲೆ ‘ಬೂಟ್ ಆರ್ಡರ್’. ಯಾವುದರಿಂದ ಮೊದಲು ಶುರುವಾಗಬೇಕು ಎನ್ನುವ ಸಾಲು ಅದು. ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೇಲೆ ಇರಬೇಕು. ‘ಲೆಗಸಿ’ ಎಂದು ಬದಲಾಗಿದ್ದರೆ ‘ಯುಇಎಫ್‌ಐ’ಗೆ ತನ್ನಿ. ವಿಂಡೋಸ್ 10 ಅಥವಾ 11 ಜೊತೆಗೇ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಇರಬೇಕಾದದ್ದು ಅದೇ.

ಇನ್ನು ಎಲ್ಲರೂ ಎಡವುವ ಜಾಗ: ‘ಸಾಟಾ ಮೋಡ್’ ಅಥವಾ ‘ವಿಎಂಡಿ’. ಡ್ರೈವ್ ಜೊತೆ ಮದರ್‌ಬೋರ್ಡ್ ಯಾವ ರೀತಿಯಲ್ಲಿ ಮಾತಾಡಬೇಕು ಎಂದು ಇದು ನಿರ್ಧರಿಸುತ್ತದೆ. ಎಎಚ್‌ಸಿಐ, ರೇಡ್, ವಿಎಂಡಿ, ಹೀಗೆ ಆಯ್ಕೆಗಳಿರುತ್ತವೆ. ವಿಂಡೋಸ್ ಹಾಕಿದಾಗ ಯಾವುದಿತ್ತೋ ಅದೇ ಇರಬೇಕು. ಸುಮ್ನೆ ಅಲ್ಲೊಂದು ಇಲ್ಲೊಂದು ಬದಲಾಯಿಸಿ ನೋಡಿದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಹಾಗೆ ಬಂದರೆ ಹೆದರಬೇಡಿ, ಹಳೆಯದಕ್ಕೆ ವಾಪಸ್ ತಂದರೆ ಹೋಗುತ್ತದೆ. ಫೋಟೋ ತೆಗೆಯಿರಿ ಎಂದದ್ದು ಇದಕ್ಕೇ.

ಇದೇ ವಿಎಂಡಿ ಇನ್ನೊಂದು ತಪ್ಪು ತಿಳಿವಳಿಕೆಗೂ ಕಾರಣ. ಇಂಟೆಲ್ 11ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡಲು ಹೋದಾಗ ‘ಯಾವ ಡ್ರೈವೂ ಇಲ್ಲ’ ಎಂದು ಖಾಲಿ ಪಟ್ಟಿ ತೋರಿಸುತ್ತದೆ. ಡ್ರೈವ್ ಸತ್ತಿಲ್ಲ. ಇಂಟೆಲ್‌ನ ರಾಪಿಡ್ ಸ್ಟೋರೇಜ್ ಟೆಕ್ನಾಲಜಿ ಡ್ರೈವರ್ ಇಲ್ಲದೆ ಇನ್‌ಸ್ಟಾಲರ್‌ಗೆ ಅದು ಕಾಣುವುದಿಲ್ಲ. ಡ್ರೈವರ್ ಎಂದರೆ ಒಂದು ಭಾಗದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಪುಟ್ಟ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಆ ಡ್ರೈವರನ್ನು ಪೆನ್‌ಡ್ರೈವ್‌ಗೆ ಹಾಕಿ ‘ಲೋಡ್ ಡ್ರೈವರ್’ ಕೊಟ್ಟರೆ ಪಟ್ಟಿಯಲ್ಲಿ ಬರುತ್ತದೆ. ಇನ್‌ಸ್ಟಾಲ್ ಮಾಡುವುದು ಡೇಟಾ ಹೊರಬಂದ ಮೇಲೆ ಮಾತ್ರ.

ವಿಂಡೋಸ್ ಬರುತ್ತಿದೆ, ಎರಡನೇ ಒಳ ಡ್ರೈವ್ ಮಾತ್ರ ಮಾಯವಾಗಿದೆ ಎನ್ನುವವರು ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಡ್ರೈವ್ ಅಲ್ಲಿದ್ದು ಡಿ, ಇ ಥರದ ಅಕ್ಷರ ಇಲ್ಲದಿದ್ದರೆ ‘ಚೇಂಜ್ ಡ್ರೈವ್ ಲೆಟರ್’ ಕೊಟ್ಟು ಒಂದು ಅಕ್ಷರ ಕೊಡಿ. ‘ಆಫ್‌ಲೈನ್’ ಎಂದಿದ್ದರೆ ರೈಟ್ ಕ್ಲಿಕ್ ಮಾಡಿ ‘ಆನ್‌ಲೈನ್’ ಮಾಡಿ. ಇವೆರಡಕ್ಕೂ ಡೇಟಾಗೆ ಅಪಾಯ ಇಲ್ಲ. ‘ರಾ’ ಅಥವಾ ‘ಅನ್‌ಅಲೊಕೇಟೆಡ್’ ಎಂದಿದ್ದರೆ ಕೈ ಹಚ್ಚಬೇಡಿ, ಹಂತ 7ಕ್ಕೆ ಬನ್ನಿ.

ಹಂತ 5: ಬಯೋಸ್‌ಗೇ ಕಾಣುತ್ತಿಲ್ಲ ಎಂದರೆ

ಮುಚ್ಚಳ ತೆಗೆಯುವ ಸಮಯ. ವಾರಂಟಿ ಇದ್ದರೆ ಅದರ ನಿಯಮ ಮೊದಲು ಓದಿಕೊಳ್ಳಿ. ನಿಮ್ಮ ಮಾಡೆಲ್‌ನ ಸರ್ವಿಸ್ ಕೈಪಿಡಿ ಅನೇಕ ಕಂಪನಿಗಳ ಜಾಲತಾಣದಲ್ಲಿ ಸಿಗುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಚಾರ್ಜರ್ ತೆಗೆದು, ಶಟ್ ಡೌನ್ ಮಾಡಿ, ಲ್ಯಾಪ್‌ಟಾಪನ್ನು ಬೋರಲು ಹಾಕಿ. ಕಾಗದದ ಮೇಲೆ ಅದರ ತಳದ ಚಿತ್ರ ಗೀಚಿ, ಒಂದೊಂದು ಸ್ಕ್ರೂ ಬಿಚ್ಚಿದ ಹಾಗೆ ಚಿತ್ರದಲ್ಲಿ ಅದೇ ಜಾಗಕ್ಕೆ ಟೇಪ್ ಹಚ್ಚಿ ಅಂಟಿಸಿ. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂ ಜಾಗಕ್ಕೆ ಹಾಕಿದರೆ ಮೇಲಿನ ಕೀಬೋರ್ಡ್ ಪ್ಲೇಟ್ ಉಬ್ಬುತ್ತದೆ, ಒಮ್ಮೊಮ್ಮೆ ಬೋರ್ಡೇ ಸೀಳುತ್ತದೆ. ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರನ್ನೇ ಹಿಡಿಯಿರಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲಿ ಎಂದು ಒಂದು ದೊಡ್ಡ ಲೋಹದ ವಸ್ತು ಮುಟ್ಟಿ, ಆಮೇಲೆ ಡ್ರೈವ್ ಮುಟ್ಟಿ.

ಈಗ ಡ್ರೈವ್ ನೋಡಿ. ಚಪ್ಪಟೆ ಡಬ್ಬಿಯ ಹಾಗಿದ್ದರೆ ಅದು 2.5 ಇಂಚಿನ ಸಾಟಾ ಡ್ರೈವ್. ಹಸಿರೋ ಕಪ್ಪೋ ಬಣ್ಣದ, ಬೆರಳುದ್ದದ ತೆಳು ಪಟ್ಟಿ ಇದ್ದರೆ ಅದು ಎಂ.2. ಅದರ ಮೇಲೆ 2280 ಎಂದು ಬರೆದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ಎಂ.2 ಎನ್ನುವುದು ಬರೀ ಆಕಾರದ ಹೆಸರು. ಒಳಗಿನ ಭಾಷೆ ಸಾಟಾ ಇರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇ ಇರಬಹುದು. ಡ್ರೈವ್ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ.

ಎಂ.2 ಆದರೆ ಅದರ ಬಾಲದಲ್ಲಿ ಒಂದೇ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಸ್ಕ್ರೂ ತೆಗೆದ ಕೂಡಲೇ ಪಟ್ಟಿಯ ಬಾಲ ತಾನಾಗಿ ಮೇಲೆದ್ದು ಓರೆಯಾಗಿ ನಿಲ್ಲುತ್ತದೆ. ಹಾಗೇ ಓರೆಯಲ್ಲೇ ನೇರಕ್ಕೆ ಹೊರಗೆಳೆಯಿರಿ. ತುದಿಯ ಚಿನ್ನದ ಬಣ್ಣದ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ: ಧೂಳು, ಕಪ್ಪು ಕಲೆ, ಬೆರಳಿನ ಜಿಡ್ಡು ಇದೆಯೇ? ಒಣ ಮೃದು ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಮತ್ತೆ ಅದೇ ಓರೆಯಲ್ಲಿ ಸ್ಲಾಟ್‌ಗೆ ತಳ್ಳಿ. ಪೂರ್ತಿ ಕೂತಾಗ ಚಿನ್ನದ ಗೆರೆಗಳು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗಿರುತ್ತವೆ. ಅಗಲವಾದ ಹಳದಿ ಪಟ್ಟಿ ಇನ್ನೂ ಹೊರಗೆ ಕಾಣುತ್ತಿದ್ದರೆ ಕೂತಿಲ್ಲ. ಆಮೇಲೆ ಬಾಲ ಒತ್ತಿ ಸ್ಕ್ರೂ ಹಾಕಿ. ಸ್ಕ್ರೂ ಕಳೆದುಹೋಗಿದೆ ಎಂದು ಹಾಗೇ ಬಿಟ್ಟರೆ ಡ್ರೈವ್ ಕೆಲವು ದಿನ ಕಾಣುತ್ತದೆ, ಕೆಲವು ದಿನ ಕಾಣುವುದಿಲ್ಲ.

2.5 ಇಂಚಿನದಾದರೆ ನನ್ನ ಅನುಮಾನ ಯಾವಾಗಲೂ ಕೇಬಲ್ ಮೇಲೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಮತ್ತು ಮದರ್‌ಬೋರ್ಡ್ ನಡುವೆ ರಿಬ್ಬನ್‌ನಂಥ ತೆಳು ಕೇಬಲ್ ಇರುತ್ತದೆ. ಮದರ್‌ಬೋರ್ಡ್ ತುದಿಯಲ್ಲಿ ಅದನ್ನು ಹಿಡಿದಿಡುವ ಉಗುರಗಲದ ಪ್ಲಾಸ್ಟಿಕ್ ಚಿಲಕ ಇರುತ್ತದೆ. ನನ್ನದೇ ಹಳೆಯ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಬದಲಾಯಿಸಿದ ಕೆಲವು ವಾರಗಳ ಮೇಲೆ ಡ್ರೈವ್ ಕಾಣದಾಯಿತು. ನೋಡಿದರೆ ಆ ಚಿಲಕ ಅರ್ಧ ತೆರೆದಿತ್ತು, ಕೇಬಲ್ ಒಂದು ಕಡೆ ಕೂದಲೆಳೆಯಷ್ಟು ಹೊರಗೆ ಜಾರಿತ್ತು. ಚಿಲಕ ಮೇಲೆತ್ತಿ, ಕೇಬಲ್ ನೇರ ಮಾಡಿ, ಚಿಲಕ ಒತ್ತಿದ್ದಷ್ಟೇ. ಒಂದು ಫೈಲೂ ಹೋಗಿರಲಿಲ್ಲ. ಕೇಬಲ್ ಮೇಲೆ ಮಡಿಕೆ ಬಿದ್ದ ಗುರುತು, ಸೀಳು ಇದ್ದರೆ ಹೊಸ ಕೇಬಲ್ಲೇ ಬೇಕು.

ಸಾಟಾ ಎಸ್‌ಎಸ್‌ಡಿ ಇದ್ದವರಿಗೆ ಒಂದು ಹೆಚ್ಚಿನ ಪ್ರಯತ್ನ ಇದೆ. ಕರೆಂಟ್ ದಿಢೀರ್ ಹೋದಾಗ ಎಸ್‌ಎಸ್‌ಡಿಯ ಒಳಗಿನ ಲೆಕ್ಕದ ಪಟ್ಟಿ ಗೊಂದಲವಾಗಿ ಅದು ಮೂಕವಾಗಬಹುದು. ಲ್ಯಾಪ್‌ಟಾಪ್ ಆನ್ ಮಾಡಿ ಬಯೋಸ್ ಪುಟದಲ್ಲೇ 20 ನಿಮಿಷ ಬಿಡಿ. ಆಫ್ ಮಾಡಿ 30 ಸೆಕೆಂಡ್ ಪವರ್ ತೆಗೆಯಿರಿ. ಇನ್ನೊಮ್ಮೆ ಹೀಗೇ ಮಾಡಿ. ಪವರ್ ಮಾತ್ರ ಇದ್ದು ಬೇರೆ ಕೆಲಸ ಇಲ್ಲದಿದ್ದಾಗ ಕೆಲವು ಎಸ್‌ಎಸ್‌ಡಿಗಳು ಆ ಪಟ್ಟಿಯನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಹಾರ್ಡ್ ಡಿಸ್ಕ್‌ಗೆ ಇದನ್ನು ಮಾಡಬೇಡಿ.

ಇನ್ನೂ ಕಾಣದಿದ್ದರೆ ತಪ್ಪು ಡ್ರೈವ್‌ನದ್ದೋ ಬೋರ್ಡ್‌ನದ್ದೋ ಗೊತ್ತಾಗಬೇಕು. ಡ್ರೈವನ್ನು ಎನ್‌ಕ್ಲೋಜರ್‌ಗೆ ಹಾಕಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ. ಎಂ.2 ಡ್ರೈವ್‌ಗೆ ಎನ್‌ಕ್ಲೋಜರ್ ಕೊಳ್ಳುವಾಗ ಸಾಟಾ, ಎನ್‌ವಿಎಂಇ ಎರಡಕ್ಕೂ ಆಗುವಂಥದ್ದೇ ತೆಗೆದುಕೊಳ್ಳಿ. ಒಂದಕ್ಕೆ ಮಾತ್ರ ಆಗುವ ಎನ್‌ಕ್ಲೋಜರ್‌ಗೆ ಇನ್ನೊಂದನ್ನು ಹಾಕಿ, ಡ್ರೈವ್ ಸತ್ತಿದೆ ಎಂದು ಎಸೆದವರಿದ್ದಾರೆ. ಬೇರೆ ಕಂಪ್ಯೂಟರ್‌ಗೆ ಡ್ರೈವ್ ಕಂಡರೆ ತಪ್ಪು ಲ್ಯಾಪ್‌ಟಾಪ್‌ನದ್ದು, ನಿಮ್ಮ ಡೇಟಾ ಕೈಗೆ ಸಿಕ್ಕ ಹಾಗೇ. ಅಲ್ಲೂ ಕಾಣದಿದ್ದರೆ ಹಂತ 8.

ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಚಿಪ್‌ಗಳನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಹೊರಗೆ ತೆಗೆಯಲು ಏನೂ ಇರುವುದಿಲ್ಲ. ಈಚಿನ ಮ್ಯಾಕ್‌ಬುಕ್‌ಗಳೆಲ್ಲ ಹೀಗೇ, ಮೇಲಾಗಿ ಡೇಟಾ ಎನ್‌ಕ್ರಿಪ್ಟ್ ಕೂಡ ಆಗಿರುತ್ತದೆ. ಅಂಥವು ಆನ್ ಆಗುತ್ತಿದ್ದರೆ ಇನ್ನೊಂದು ಮ್ಯಾಕ್‌ಗೆ ಕೇಬಲ್‌ನಲ್ಲಿ ಜೋಡಿಸಿ, ರಿಕವರಿ ಪರದೆಯ ‘ಶೇರ್ ಡಿಸ್ಕ್’ ಮೂಲಕ ಫೈಲ್ ತೆಗೆಯಬಹುದು. ಆನ್ ಆಗದಿದ್ದರೆ ಬೋರ್ಡ್ ರಿಪೇರಿ ಬಲ್ಲವರೇ ಬೇಕು.

ಹಂತ 6: ಡ್ರೈವ್ ಕಂಡಿತು, ಈಗ ಕಾಪಿ

ವಿಂಡೋಸ್ ಏಳದಿದ್ದರೂ ಫೈಲ್ ತೆಗೆಯಲು ಸುಲಭ ದಾರಿ ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್, ಅಂದರೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಇನ್ನೊಂದು ಕಂಪ್ಯೂಟರ್‌ನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಇಳಿಸಿಕೊಂಡು, ರೂಫಸ್ ಎಂಬ ಉಚಿತ ಸಾಧನದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಲ್ಯಾಪ್‌ಟಾಪ್‌ಗೆ ಹಾಕಿ ಬೂಟ್ ಮೆನು ತೆರೆಯಿರಿ: ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಆರಿಸಿ. ಮುಂದೆ ‘ಟ್ರೈ ಉಬುಂಟು’ ಒತ್ತಿ. ‘ಇನ್‌ಸ್ಟಾಲ್’ ಒತ್ತಬೇಡಿ. ಇಲ್ಲಿ ಕೈ ತಪ್ಪಿದರೆ ಇಷ್ಟು ಹೊತ್ತು ಪಟ್ಟ ಪಾಡೆಲ್ಲ ನೀರಪಾಲು.

ಒಳಗೆ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದು ಡ್ರೈವ್‌ನ ಸ್ಮಾರ್ಟ್ ವರದಿ ನೋಡಿ. ಸ್ಮಾರ್ಟ್ ಎಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ. ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಇದನ್ನೇ ತೋರಿಸುತ್ತದೆ. ‘ರಿಅಲೊಕೇಟೆಡ್ ಸೆಕ್ಟರ್’, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಇವುಗಳ ನಿಜ ಸಂಖ್ಯೆ ಸೊನ್ನೆಗಿಂತ ಜಾಸ್ತಿ ಇದ್ದರೆ ಡ್ರೈವ್‌ನ ಕೆಲವು ಜಾಗ ಕೆಟ್ಟಿದೆ. ‘ಸಿಆರ್‌ಸಿ ಎರರ್’ ಮಾತ್ರ ಏರುತ್ತಿದ್ದರೆ ತಪ್ಪು ಬಹುಪಾಲು ಕೇಬಲ್‌ನದ್ದು.

ವರದಿ ಚೆನ್ನಾಗಿದ್ದರೆ ಫೈಲ್ ಮ್ಯಾನೇಜರ್‌ನಲ್ಲಿ ಡ್ರೈವ್ ತೆರೆದು ಕಾಪಿ ಶುರು ಮಾಡಿ. ವಿಂಡೋಸ್ ಪೂರ್ತಿ ಶಟ್ ಡೌನ್ ಆಗಿರದಿದ್ದರೆ ಲಿನಕ್ಸ್ ಡ್ರೈವನ್ನು ‘ರೀಡ್ ಓನ್ಲಿ’ ಆಗಿ ತೆರೆಯುತ್ತದೆ, ಎಂದರೆ ಓದಬಹುದು, ಬರೆಯಲಾಗದು. ನಮಗೆ ಬೇಕಾದದ್ದೂ ಅಷ್ಟೇ. ಬಿಟ್‌ಲಾಕರ್ ಇದ್ದರೆ ಡ್ರೈವನ್ನು ಇನ್ನೊಂದು ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸುವುದು ಸುಲಭ. ಅದು 48 ಅಂಕಿಯ ಕೀ ಕೇಳಿ ಬೀಗ ತೆಗೆಯುತ್ತದೆ.

ಕಾಪಿ ಮಾಡುವ ಕ್ರಮ ಮುಖ್ಯ. ಮತ್ತೆಲ್ಲೂ ಸಿಗದ್ದು ಮೊದಲು. ‘ಯೂಸರ್ಸ್’ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇರುತ್ತವೆ. ಸಿನಿಮಾ, ಸಾಫ್ಟ್‌ವೇರ್ ಎಲ್ಲ ಕೊನೆಗೆ. ‘ವಿಂಡೋಸ್’, ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್ ಬೇಡವೇ ಬೇಡ. ಕಾಪಿ ನಡುವೆ ನಿಂತು ನಿಂತು ಹೋಗುತ್ತಿದ್ದರೆ, ಎರರ್ ಬರುತ್ತಿದ್ದರೆ ಹಟ ಮಾಡಬೇಡಿ. ನಿಲ್ಲಿಸಿ ಮುಂದಿನ ಹಂತಕ್ಕೆ ಬನ್ನಿ.

ಹಂತ 7: ಇಮೇಜ್ ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡಿ

ಇಮೇಜ್ ಎಂದರೆ ಡ್ರೈವ್‌ನ ಶುರುವಿನಿಂದ ಕೊನೆಯವರೆಗೆ ಇದ್ದಂತೆಯೇ ತೆಗೆದ ಪೂರ್ತಿ ಪ್ರತಿ. ಕೆಡುತ್ತಿರುವ ಡ್ರೈವ್‌ನಲ್ಲಿ ಫೈಲ್ ಹುಡುಕುತ್ತಾ ಕೂತರೆ ಹೆಡ್ ಅತ್ತಿಂದಿತ್ತ ಓಡಾಡಿ ಸವೆಯುತ್ತದೆ. ಒಂದೇ ಸಲ ನೇರಕ್ಕೆ ಓದಿ ಪ್ರತಿ ಮಾಡಿಕೊಂಡರೆ, ಹುಡುಕಾಟವನ್ನೆಲ್ಲ ಪ್ರತಿಯ ಮೇಲೆ ನಿಧಾನವಾಗಿ ಮಾಡಬಹುದು. ಅಲ್ಲಿ ತಪ್ಪಾದರೂ ಮೂಲ ಹಾಗೇ ಇರುತ್ತದೆ.

ಇದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಲಿನಕ್ಸ್ ಸಾಧನ ಇದೆ. ಅದರ ಬುದ್ಧಿವಂತಿಕೆ ನನಗೆ ಬಹಳ ಇಷ್ಟ. ಸುಲಭವಾಗಿ ಓದಲಾಗುವ ಜಾಗಗಳನ್ನು ಮೊದಲು ಬಾಚಿಕೊಳ್ಳುತ್ತದೆ. ಕೆಟ್ಟ ಜಾಗ ಎದುರಾದರೆ ಜಗಳಕ್ಕೆ ನಿಲ್ಲದೆ ದಾಟಿ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಕೆಟ್ಟ ಜಾಗಗಳಿಗೆ ವಾಪಸ್ ಬಂದು ಸ್ವಲ್ಪ ಸ್ವಲ್ಪವೇ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂದೆ ಎಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು, ಹಾಗಾಗಿ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆರೆಯುವುದನ್ನು ಬಿಡುವ ಆಯ್ಕೆ ಕೊಡಿ. ಎರಡನೇ ಸುತ್ತಿನಲ್ಲಿ ಮಾತ್ರ ಎರಡು ಮೂರು ಮರುಪ್ರಯತ್ನ ಸಾಕು.

ಇಲ್ಲಿ ಒಂದೇ ಒಂದು ಭಯಂಕರ ತಪ್ಪು ಸಾಧ್ಯ: ಮೂಲ ಮತ್ತು ಗುರಿ ಅದಲುಬದಲು ಮಾಡುವುದು. ಹಾಗಾದರೆ ಖಾಲಿ ಡ್ರೈವ್‌ನಲ್ಲಿರುವುದು ನಿಮ್ಮ ಡೇಟಾ ಮೇಲೆ ಬರೆದುಹೋಗುತ್ತದೆ. ಆಜ್ಞೆಯಲ್ಲಿ ಮೂಲ ಮೊದಲು, ಗುರಿ ಆಮೇಲೆ. ಎಂಟರ್ ಒತ್ತುವ ಮುಂಚೆ ಎರಡೂ ಡ್ರೈವ್‌ನ ಅಳತೆ, ಸೀರಿಯಲ್ ನಂಬರ್ ಹೊಂದಿಸಿ ನೋಡಿ. ಬೇಡದ ಡ್ರೈವ್‌ಗಳನ್ನೆಲ್ಲ ಕಿತ್ತಿಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಆ ಮಾತು ಇಲ್ಲಿ ಅಕ್ಷರಶಃ ನಿಜ. ಇಮೇಜನ್ನು ಫೈಲ್ ಆಗಿ ಉಳಿಸುವುದಾದರೆ ಗುರಿ ಡ್ರೈವ್ ಫ್ಯಾಟ್32 ಇರಬಾರದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ.

ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿ ಓದಲು ಸುಮಾರು ಒಂದೂವರೆ ಗಂಟೆ ಬೇಕು. ಅದು ಆರೋಗ್ಯವಾಗಿರುವ ಡ್ರೈವ್‌ನ ಲೆಕ್ಕ. ಕೆಟ್ಟ ಡ್ರೈವ್ ಒಂದು ದಿನವನ್ನೋ, ಅದಕ್ಕಿಂತ ಜಾಸ್ತಿಯನ್ನೋ ತಿನ್ನಬಹುದು. ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ಸೆಟ್ಟಿಂಗ್ ಮಾಡಿ, ಗಾಳಿಯಾಡುವ ಜಾಗದಲ್ಲಿಡಿ.

ಪ್ರತಿ ಸಿದ್ಧವಾದ ಮೇಲೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಎರಡು ಉಚಿತ ಸಾಧನಗಳು. ಕಳೆದುಹೋದ ಪಾರ್ಟಿಷನ್ ಹುಡುಕುವುದು ಟೆಸ್ಟ್‌ಡಿಸ್ಕ್. ಸಿಕ್ಕ ಪಾರ್ಟಿಷನ್‌ನ ಫೈಲ್ ಪಟ್ಟಿ ತೋರಿಸಿ, ಅಲ್ಲಿಂದಲೇ ಕಾಪಿ ಮಾಡಲು ಬಿಡುತ್ತದೆ. ಮೊದಲು ಇದನ್ನೇ ಪ್ರಯತ್ನಿಸಿ, ಯಾಕೆಂದರೆ ಫೈಲ್ ಹೆಸರು, ಫೋಲ್ಡರ್ ಎಲ್ಲ ಹಾಗೇ ಸಿಗುತ್ತವೆ. ಆಗದಿದ್ದರೆ ಫೋಟೋರೆಕ್. ಅದು ಪಟ್ಟಿಯನ್ನು ನೋಡುವುದೇ ಇಲ್ಲ, ಒಂದೊಂದು ಬಗೆಯ ಫೈಲ್‌ನ ಗುರುತು ಹಿಡಿದು ಹೆಕ್ಕುತ್ತದೆ. ಫೋಟೋ, ಡಾಕ್ಯುಮೆಂಟ್ ಚೆನ್ನಾಗಿ ಸಿಗುತ್ತವೆ, ಆದರೆ ಹೆಸರಿನ ಬದಲು ಬರೀ ನಂಬರ್ ಇರುತ್ತದೆ. ದೊಡ್ಡ ವಿಡಿಯೋಗಳು ತುಂಡಾಗಿ ಬರಬಹುದು. ಸಿಕ್ಕಿದ್ದನ್ನು ಯಾವ ಕಾರಣಕ್ಕೂ ಮೂಲ ಡ್ರೈವ್‌ಗೇ ಉಳಿಸಬೇಡಿ.

ಎಸ್‌ಎಸ್‌ಡಿಯನ್ನು ಈಗಾಗಲೇ ಫಾರ್ಮ್ಯಾಟ್ ಮಾಡಿಬಿಟ್ಟವರಿಗೆ ಕಹಿ ಸುದ್ದಿ. ವಿಂಡೋಸ್ ಆಗ ಟ್ರಿಮ್ ಎಂಬ ಸೂಚನೆ ಕಳಿಸುತ್ತದೆ, ಇಲ್ಲಿರುವುದು ಇನ್ನು ಬೇಡ ಎಂದು. ಎಸ್‌ಎಸ್‌ಡಿ ಆ ಜಾಗವನ್ನು ತಾನೇ ಒರೆಸಿಹಾಕುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್‌ಗೂ ಹೆಚ್ಚು ಸಿಗುವುದಿಲ್ಲ. ಬರೀ ಪಾರ್ಟಿಷನ್ ಪಟ್ಟಿ ಕೆಟ್ಟಿದ್ದರೆ ಈ ತೊಂದರೆ ಇಲ್ಲ.

ಹಂತ 8: ಇಲ್ಲಿಂದ ಮುಂದೆ ಲ್ಯಾಬ್

ಟಕ್ ಟಕ್ ಸದ್ದು, ತಿರುಗದ ತಟ್ಟೆ, ಎಲ್ಲೂ ಕಾಣದ ಡ್ರೈವ್, ತಪ್ಪು ಅಳತೆ ತೋರಿಸುವ ಎಸ್‌ಎಸ್‌ಡಿ. ಡೇಟಾ ಬೆಲೆಬಾಳುವುದಾದರೆ ಇವು ಮನೆಯಲ್ಲಿ ಪ್ರಯೋಗ ಮಾಡುವ ವಿಷಯ ಅಲ್ಲ. ಹಾರ್ಡ್ ಡಿಸ್ಕ್‌ನ ಮುಚ್ಚಳ ತೆರೆಯಬೇಡಿ. ಹೆಡ್ ಎಷ್ಟು ಹತ್ತಿರ ತೇಲುತ್ತದೆಂದರೆ ಒಂದು ಧೂಳಿನ ಕಣವೂ ಅದಕ್ಕೆ ಬಂಡೆಯೇ. ಅದೇ ಮಾಡೆಲ್‌ನ ಇನ್ನೊಂದು ಡ್ರೈವ್‌ನಿಂದ ಸರ್ಕ್ಯೂಟ್ ಬೋರ್ಡ್ ತಂದು ಹಾಕುವ ಸಲಹೆಯೂ ಈಗ ನಡೆಯುವುದಿಲ್ಲ. ಪ್ರತಿ ಡ್ರೈವ್‌ಗೂ ಅದರದ್ದೇ ಹೊಂದಾಣಿಕೆಯ ವಿವರ ಬೋರ್ಡ್ ಮೇಲಿನ ಚಿಪ್‌ನಲ್ಲಿರುತ್ತದೆ.

ಸಾಮಾನ್ಯ ರಿಪೇರಿ ಅಂಗಡಿ ಬೇರೆ, ಡೇಟಾ ರಿಕವರಿ ಲ್ಯಾಬ್ ಬೇರೆ. ಕೊಡುವ ಮುಂಚೆ ಕೇಳಿ: ಧೂಳಿಲ್ಲದ ಕ್ಲೀನ್ ರೂಮ್ ನಿಮ್ಮಲ್ಲೇ ಇದೆಯಾ, ಬೇರೆಯವರಿಗೆ ಕಳಿಸುತ್ತೀರಾ? ಡೇಟಾ ಸಿಗದಿದ್ದರೆ ಹಣ ಕೊಡಬೇಕಾ? ಹಣ ಕೊಡುವ ಮುಂಚೆ ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತೀರಾ? ನೀವು ಈವರೆಗೆ ಏನೇನು ಮಾಡಿದ್ದೀರಿ ಎಂದು ಮುಚ್ಚುಮರೆ ಇಲ್ಲದೆ ಹೇಳಿ. ಚೆಕ್‌ಡಿಸ್ಕ್ ಓಡಿಸಿದ್ದರೆ ಅದನ್ನೂ ಹೇಳಿ. ಅವರ ಕೆಲಸದ ದಾರಿಯೇ ಅದರಿಂದ ಬದಲಾಗುತ್ತದೆ. ಬಿಟ್‌ಲಾಕರ್ ಇದ್ದರೆ ಕೀ ಕೂಡ ಬೇಕಾಗುತ್ತದೆ.

ಹಂತ 9: ಡೇಟಾ ಸಿಕ್ಕ ಮೇಲೆ

ಸಿಕ್ಕಿತು ಎಂದು ನಂಬುವ ಮುಂಚೆ ತೆರೆದು ನೋಡಿ. ಫೋಲ್ಡರ್‌ನಲ್ಲಿ ಹೆಸರಿದ್ದರೆ ಸಾಲದು, ಅಳತೆ ಸರಿ ಇದ್ದರೂ ಸಾಲದು. ಅರ್ಧ ಬೂದು ಬಣ್ಣದ ಫೋಟೋಗಳು, ತೆರೆಯಲೊಲ್ಲದ ಎಕ್ಸೆಲ್ ಫೈಲ್‌ಗಳು ಹೊರಗಿನಿಂದ ಚೆನ್ನಾಗೇ ಕಾಣುತ್ತವೆ. ಮುಖ್ಯವಾದವನ್ನು ಒಂದೊಂದಾಗಿ ತೆರೆಯಿರಿ. ಇನ್ನೊಂದು ಜಾಗದಲ್ಲಿ ಎರಡನೇ ಪ್ರತಿ ಮಾಡಿ. ಇಷ್ಟಾದ ಮೇಲೆ ಹೊಸ ಡ್ರೈವ್ ಹಾಕಿ, ವಿಂಡೋಸ್ ಹಾಕಿ, ಲ್ಯಾಪ್‌ಟಾಪ್ ಕೆಲಸ ಶುರು ಮಾಡಿ.

ತಪ್ಪು ಕೇಬಲ್‌ನದ್ದೋ ಸೆಟ್ಟಿಂಗ್‌ನದ್ದೋ ಆಗಿದ್ದು ಸ್ಮಾರ್ಟ್ ವರದಿ ಚೆನ್ನಾಗಿದ್ದರೆ ಹಳೆಯ ಡ್ರೈವನ್ನೇ ಬಳಸಬಹುದು. ಕೆಟ್ಟ ಸೆಕ್ಟರ್ ತೋರಿಸಿದ್ದರೆ ಬೇಡ. ಅದರ ಮೇಲೆ ತಾರೀಖು ಬರೆದು ಎರಡು ಮೂರು ತಿಂಗಳು ಎತ್ತಿಡಿ. ಒಂದು ಫೈಲ್ ಬಿಟ್ಟುಹೋಗಿತ್ತು ಎಂದು ನೆನಪಾಗುವುದು ಆಮೇಲೇ. ವಾರಂಟಿಯಲ್ಲಿ ಬದಲಿಸಿಕೊಳ್ಳುವುದಾದರೆ ಹಳೆಯ ಡ್ರೈವ್ ಸಾಮಾನ್ಯವಾಗಿ ನಿಮಗೆ ವಾಪಸ್ ಬರುವುದಿಲ್ಲ. ಡೇಟಾ ಪೂರ್ತಿ ಹೊರಗೆ ಬರುವವರೆಗೆ ಅದನ್ನು ಕೈಬಿಡಬೇಡಿ. ಬೀಗ ಹಾಕಿರದ ಡ್ರೈವ್‌ನಲ್ಲಿ ಬ್ಯಾಂಕ್ ಕಾಗದ, ಪಾಸ್‌ವರ್ಡ್ ಇದ್ದರೆ, ಕೊಡುವ ಮುಂಚೆ ಅದನ್ನು ಅಳಿಸಲು ಆಗುತ್ತದಾ ನೋಡಿ. ಆಗದಿದ್ದರೆ, ಡ್ರೈವನ್ನು ನಿಮ್ಮಲ್ಲೇ ಉಳಿಸಿಕೊಂಡು ಬದಲಿ ಪಡೆಯುವ ಅವಕಾಶ ಇದೆಯಾ ಎಂದು ಕಂಪನಿಯನ್ನು ಕೇಳಿ.